ಸಮ್ಮರ್ ಲ್ಯಾಬ್‌ನಲ್ಲಿ 3ನೇ ವಾರ: ಒಂದು ತಪ್ಪು ಮಾಡಿದ್ದೇನೆ, ಇನ್ನೂ ಯಾರಿಗೂ ಹೇಳಿಲ್ಲ

ನೊಣದ ಹುಡುಗಿ
ಮಂಗಳವಾರ, ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಹಾಸನದ ಕಡೆಯವಳು. ಬಿಎಸ್ಸಿ ಎರಡನೇ ವರ್ಷ ಮುಗಿಯಿತು. ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಸಮ್ಮರ್ ಫೆಲೋಶಿಪ್ ಸಿಕ್ಕಿದೆ. ನಮ್ಮ ಕಾಲೇಜಿನಲ್ಲಿ ಇದುವರೆಗೆ ಯಾರಿಗೂ ಸಿಕ್ಕಿರಲಿಲ್ಲ. ನಮ್ಮ ಜುವಾಲಜಿ ಮೇಡಂ ಪಕ್ಕದಲ್ಲೇ ಕೂತು ಅರ್ಜಿ ಬರೆಸಿದರು. ಈಗ ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿದ್ದೇನೆ. ಒಟ್ಟು 8 ವಾರ.

ಲ್ಯಾಬ್ ಹಣ್ಣಿನ ನೊಣದ್ದು, ಅಂದರೆ ಡ್ರೊಸೊಫಿಲಾ. ಮಾವಿನಹಣ್ಣಿನ ಬುಟ್ಟಿ ಸುತ್ತ ಹಾರಾಡುತ್ತಲ್ಲ, ಅದೇ ಪುಟ್ಟ ನೊಣ. ಮೊದಲ ವಾರ ಫುಡ್ ರೂಮಿನಲ್ಲೇ ಕಳೆಯಿತು. ನೊಣಕ್ಕೆ ಊಟ ಮಾಡುವುದು, ಬಾಟಲಿಗೆ ಸುರಿಯುವುದು, ಹತ್ತಿ ಬಿರಡೆ ಸುತ್ತುವುದು. ಅಲ್ಲಿ ಕೆಲಸ ಮಾಡುವ ಅಕ್ಕ ಕನ್ನಡದವರು, ಎಷ್ಟೋ ವರ್ಷದಿಂದ ಅಲ್ಲೇ ಇದ್ದಾರೆ. ಊಟ ಸುರಿದ ತಕ್ಷಣ ಬಿರಡೆ ಹಾಕಬಾರದು, ಆವಿ ಆರಬೇಕು, ಇಲ್ಲದಿದ್ದರೆ ಒಳಗೆ ನೀರು ಕೂತು ನೊಣ ಅಂಟಿಕೊಂಡು ಸಾಯುತ್ತದೆ ಅಂತ ಹೇಳಿಕೊಟ್ಟವರು ಅವರೇ. ಎರಡನೇ ವಾರ ಗಂಡು ಹೆಣ್ಣು ಬೇರೆ ಮಾಡುವುದು ಕಲಿತೆ. ಕಾರ್ಬನ್ ಡೈಆಕ್ಸೈಡ್ ಬರುವ ಪ್ಯಾಡ್ ಮೇಲೆ ಮಂಪರಿನಲ್ಲಿ ಮಲಗಿರುತ್ತವೆ, ಸಣ್ಣ ಬ್ರಷ್‌ನಲ್ಲಿ ಆ ಕಡೆ ಈ ಕಡೆ ಸರಿಸಬೇಕು. ಗಂಡಿನ ಮುಂಗಾಲಿನಲ್ಲಿ ಕಪ್ಪು ಬಾಚಣಿಗೆ ತರಹ ಒಂದು ಗುರುತಿರುತ್ತದೆ. ಮೊದಲ ಸಲ ಮೈಕ್ರೊಸ್ಕೋಪ್‌ನಲ್ಲಿ ಅದನ್ನು ಕಂಡಾಗ ಆದ ಖುಷಿ ಹೇಳಲಾರೆ.

ಈಗ ವಿಷಯಕ್ಕೆ ಬರುತ್ತೇನೆ. ನನಗೆ ಕೆಲಸ ಹೇಳಿಕೊಡುವವರು ಒಬ್ಬ ಪಿಎಚ್‌ಡಿ ಅಕ್ಕ. ಅವರ ಕ್ರಾಸ್‌ಗೆ, ಅಂದರೆ ಆರಿಸಿದ ಗಂಡು ಹೆಣ್ಣು ಕೂಡಿಸಿ ಮರಿ ಪಡೆಯುವುದಕ್ಕೆ, ಅದುವರೆಗೆ ಗಂಡಿನ ಜೊತೆ ಕೂಡದ ಹೆಣ್ಣು ನೊಣಗಳು ಬೇಕು. ಲ್ಯಾಬ್‌ನಲ್ಲಿ ವರ್ಜಿನ್ ಅಂತಲೇ ಹೇಳುವುದು. ಸಂಜೆ ಬಾಟಲಿಯಲ್ಲಿರುವ ನೊಣಗಳನ್ನೆಲ್ಲ ಖಾಲಿ ಮಾಡಿ, ರಾತ್ರಿಗೆ 18 ಡಿಗ್ರಿ ಇನ್‌ಕ್ಯುಬೇಟರ್‌ನಲ್ಲಿ ಇಡಬೇಕು. ಬೆಳಿಗ್ಗೆ ಹೊಸದಾಗಿ ಹುಟ್ಟಿದ ಹೆಣ್ಣುಗಳನ್ನು ತೆಗೆಯಬೇಕು. ಶನಿವಾರ ನಾನೊಬ್ಬಳೇ ಇದ್ದೆ. ಪಿಜಿಯಲ್ಲಿ 9ಕ್ಕೆ ಊಟ ಮುಗಿದುಬಿಡುತ್ತದೆ. ಅವಸರದಲ್ಲಿ 8 ಗಂಟೆಗೆ ಖಾಲಿ ಮಾಡಿ ಬಾಟಲಿಯನ್ನು 25 ಡಿಗ್ರಿಯಲ್ಲೇ ಇಟ್ಟು ಹೊರಟುಬಿಟ್ಟೆ. ಭಾನುವಾರ ಬೆಳಿಗ್ಗೆ 9ಕ್ಕೆ ಬಂದಾಗ ಬಾಟಲಿ ಅಲ್ಲೇ ಇತ್ತು. 13 ಗಂಟೆ. 25 ಡಿಗ್ರಿಯಲ್ಲಿ 8 ಗಂಟೆ ದಾಟಿದರೆ ಹೊಸ ಹೆಣ್ಣುಗಳು ಆಗಲೇ ಬಾಟಲಿಯ ಗಂಡುಗಳ ಜೊತೆ ಕೂಡಿರಬಹುದು.

ಅದರಲ್ಲಿ 11 ಹೆಣ್ಣು ಇದ್ದವು. ಕೆಲವಕ್ಕೆ ಹೊಟ್ಟೆಯಲ್ಲಿ ಆಗಷ್ಟೇ ಹುಟ್ಟಿದ್ದಕ್ಕೆ ಗುರುತಾದ ಕಪ್ಪು ಚುಕ್ಕೆ ಕಾಣುತ್ತಿತ್ತು, ಕೆಲವಕ್ಕೆ ಇರಲಿಲ್ಲ. ಎಲ್ಲವನ್ನೂ ಹಿಂದಿನ ದಿನಗಳ 35ರ ಜೊತೆ ಸೇರಿಸಿಬಿಟ್ಟೆ. ಯಾಕೆ ಹಾಗೆ ಮಾಡಿದೆ ಅಂತ ಕೇಳಿದರೆ ಉತ್ತರ ಇಲ್ಲ. ಅಕ್ಕ 46 ಬೇಕು ಅಂದಿದ್ದರು, ಸರಿಯಾಗಿ 46 ಆಗುತ್ತಿತ್ತು.

ಸೋಮವಾರ ಅಕ್ಕ ಅದರಲ್ಲಿ 40 ತೆಗೆದುಕೊಂಡು 4 ವಯಲ್‌ಗಳಲ್ಲಿ (ಸಣ್ಣ ಸೀಸೆ) ಕ್ರಾಸ್ ಹಾಕಿದರು. ಹೇಳಲು ಎರಡು ಸಲ ಅವರ ಟೇಬಲ್ ಹತ್ತಿರ ಹೋಗಿ ವಾಪಸ್ ಬಂದೆ. ಇವತ್ತಿಗೆ ಎರಡು ದಿನ. ನಿದ್ದೆ ಬರುತ್ತಿಲ್ಲ. ಹೇಳಿದರೆ ಫೆಲೋಶಿಪ್ ಕಿತ್ತುಕೊಳ್ಳುತ್ತಾರಾ? ಇಷ್ಟು ಚಿಕ್ಕ ವಿಷಯಕ್ಕೆ ನಾನೇ ಜಾಸ್ತಿ ಹೆದರುತ್ತಿದ್ದೇನಾ?


ಬಯಲುಸೀಮೆ
ಮಂಗಳವಾರ, ರಾತ್ರಿ 11:15

ಮೊದಲು ಒಂದು ಲೋಟ ನೀರು ಕುಡಿಯಿರಿ. ಫೆಲೋಶಿಪ್ ಎಲ್ಲೂ ಹೋಗುವುದಿಲ್ಲ.

ನಾನು ಎರಡು ವರ್ಷದ ಹಿಂದೆ ಇದೇ ಫೆಲೋಶಿಪ್‌ನಲ್ಲಿ ಬ್ಯಾಕ್ಟೀರಿಯಾ ಲ್ಯಾಬ್‌ನಲ್ಲಿದ್ದೆ. ನನ್ನ ಅಭಿಪ್ರಾಯ ಇಷ್ಟು. 13 ಗಂಟೆಯಲ್ಲಿ ಕೂಡಿದ್ದಾವೋ ಇಲ್ಲವೋ ಗೊತ್ತಿಲ್ಲ ಅಲ್ವಾ? ಕ್ರಾಸ್‌ಗೆ ಹಾಕದೆ ಉಳಿದ 6 ನೊಣ ಇರಬೇಕು. ಅವು ಬೇರೆ ವಯಲ್‌ನಲ್ಲಿ ಗಂಡಿಲ್ಲದೆ ಇದ್ದರೆ ಎರಡು ದಿನ ಕಾಯಿರಿ. ಮರಿಹುಳ ಬಂದರೆ ಹೇಳಿ. ಬರದಿದ್ದರೆ ಸುಮ್ನೆ ಅಕ್ಕನಿಗೂ ಗಾಬರಿ, ನಿಮಗೂ ಗಾಬರಿ.


ವಿಂಗ್ ಕೌಂಟ್
ಮಂಗಳವಾರ, ರಾತ್ರಿ 11:40

ನಾನು ಬೇರೆ ಊರಿನ ಒಂದು ನೊಣದ ಲ್ಯಾಬ್‌ನಲ್ಲಿ ಪಿಎಚ್‌ಡಿ ನಾಲ್ಕನೇ ವರ್ಷ. ಮೇಲಿನ ಮಾತನ್ನು ಒಪ್ಪಲಾರೆ, ಕಾರಣ ಹೇಳುತ್ತೇನೆ.

ಮೊದಲು ಒಂದು ಪ್ರಶ್ನೆ. ಕ್ರಾಸ್‌ಗೆ ಹಾಕಿದ ಗಂಡು ಯಾವುದು? ರೆಕ್ಕೆ ಮೇಲಕ್ಕೆ ಸುರುಳಿಯಾಗಿರುವ ಕರ್ಲಿ ಗಂಡಾ?


ನೊಣದ ಹುಡುಗಿ
ಮಂಗಳವಾರ, ರಾತ್ರಿ 11:44

ಹೌದು ಸರ್. ಗಂಡು ಕರ್ಲಿ. ಹೆಣ್ಣು ನೇರ ರೆಕ್ಕೆಯವು. ಹುಟ್ಟುವ ಮರಿಗಳಲ್ಲಿ ಕರ್ಲಿ ಬಿಟ್ಟು ನೇರ ರೆಕ್ಕೆಯವನ್ನು ಆರಿಸಿ ಮುಂದಿನ ಪ್ರಯೋಗಕ್ಕೆ ತೆಗೆದುಕೊಳ್ಳುತ್ತಾರೆ ಅಂತ ಅಕ್ಕ ಹೇಳಿದ್ದರು.


ವಿಂಗ್ ಕೌಂಟ್
ಬುಧವಾರ, ರಾತ್ರಿ 12:20

ಹಾಗಾದರೆ ನಿಧಾನವಾಗಿ ಓದು ತಂಗಿ. (ಸರ್ ಬೇಡ, ಅಣ್ಣ ಸಾಕು.)

ಆ ಗಂಡು ನೊಣದಲ್ಲಿ ಒಂದು ಕ್ರೋಮೋಸೋಮ್ ಮೇಲೆ ನಿಮ್ಮ ಅಕ್ಕನಿಗೆ ಬೇಕಾದ ಮ್ಯುಟೇಶನ್, ಅಂದರೆ ಜೀನ್‌ನಲ್ಲಿ ಆದ ಬದಲಾವಣೆ, ಇದೆ. ಅದರ ಜೋಡಿ ಕ್ರೋಮೋಸೋಮ್ ಮೇಲೆ ಕರ್ಲಿ ಗುರುತಿದೆ. ಮರಿಗೆ ಎರಡರಲ್ಲಿ ಒಂದು ಬರುತ್ತದೆ. ಕರ್ಲಿ ಬಂದರೆ ರೆಕ್ಕೆ ಸುರುಳಿ. ರೆಕ್ಕೆ ನೇರ ಇದ್ದರೆ ಮ್ಯುಟೇಶನ್ ಬಂದಿದೆ ಅಂತ ಲೆಕ್ಕ. ಕಣ್ಣಿಗೆ ಕಾಣದ ಮ್ಯುಟೇಶನ್ನನ್ನು ರೆಕ್ಕೆ ನೋಡಿ ಗುರುತಿಸುವ ಉಪಾಯ ಇದು.

ಈಗ ನಿನ್ನ 11ರಲ್ಲಿ ಎರಡೋ ಮೂರೋ ಬಾಟಲಿಯಲ್ಲೇ ತಮ್ಮ ಜೊತೆ ಹುಟ್ಟಿದ ಗಂಡುಗಳ ಜೊತೆ ಕೂಡಿವೆ ಅಂತಿಟ್ಟುಕೋ. ಆ ಗಂಡುಗಳದ್ದು ನೇರ ರೆಕ್ಕೆ. ಅವುಗಳಿಗೆ ಹುಟ್ಟುವ ಮರಿಗಳದ್ದೂ ನೇರ ರೆಕ್ಕೆಯೇ. ಆದರೆ ಅವುಗಳಲ್ಲಿ ಮ್ಯುಟೇಶನ್ ಇಲ್ಲ. ನಿಮ್ಮ ಅಕ್ಕ ಅವನ್ನೂ ಮ್ಯುಟೇಶನ್ ಇರುವ ನೊಣ ಅಂದುಕೊಂಡು ಆರಿಸುತ್ತಾರೆ. ಕಣ್ಣಿಟ್ಟು ನೋಡಿದರೂ ವ್ಯತ್ಯಾಸ ತಿಳಿಯುವುದಿಲ್ಲ. ಹೆಣ್ಣು ನೊಣ ಒಂದು ಸಲ ಕೂಡಿದರೆ ವೀರ್ಯವನ್ನು ದಿನಗಟ್ಟಲೆ ಒಳಗೆ ಇಟ್ಟುಕೊಳ್ಳುತ್ತದೆ. ಆಮೇಲೆ ಕರ್ಲಿ ಗಂಡಿನ ಜೊತೆ ಕೂಡಿದರೂ ಹಳೆಯದು ಪೂರ್ತಿ ಹೋಗುವುದಿಲ್ಲ.

ಗಾಜಿನ ಸಾಮಾನು ಒಡೆದರೆ ಎಲ್ಲರಿಗೂ ಸದ್ದು ಕೇಳುತ್ತದೆ. ಇದು ಸದ್ದು ಮಾಡದ ತಪ್ಪು. ನಿನ್ನ ಹೊರತು ಅದನ್ನು ಹೇಳಬಲ್ಲವರು ಯಾರೂ ಇಲ್ಲ. ಇವತ್ತು ಹೇಳಿದರೆ ಅವರಿಗೆ ನಾಲ್ಕೈದು ದಿನದ ಕೆಲಸ ಹೋಗುತ್ತದೆ. 25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣ ಆಗಲು ಸುಮಾರು 10 ದಿನ ಬೇಕು. ಆಮೇಲೆ ಆರಿಸಿ, ಪ್ರಯೋಗ ಮಾಡಿ, ಗ್ರಾಫ್ ಹಾಕಿ, ಯಾಕೋ ಸರಿ ಬರುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವ ಹೊತ್ತಿಗೆ ಒಂದು ತಿಂಗಳು ಹೋಗಿರುತ್ತದೆ. ನೀನು ಊರಿಗೆ ಹೋಗಿರುತ್ತೀಯ.

ಆ 6 ನೊಣದ ವಯಲ್ ಪರೀಕ್ಷೆ ಒಳ್ಳೆಯದೇ. ಆದರೆ ಹೇಳಿ ಆಮೇಲೆ ನೋಡು. ಅವರ ಪ್ರಯೋಗ, ಕಾಯಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕಾದವರೂ ಅವರೇ.


ಬಯಲುಸೀಮೆ
ಬುಧವಾರ, ಬೆಳಿಗ್ಗೆ 6:30

ಕರ್ಲಿ ವಿಷಯ ನನಗೆ ಗೊತ್ತಿರಲಿಲ್ಲ. ನನ್ನ ಬ್ಯಾಕ್ಟೀರಿಯಾ ಪ್ಲೇಟ್‌ನಲ್ಲಿ ಬೂಷ್ಟು ಬಂದರೆ ಮಾರನೇ ದಿನ ಕಣ್ಣಿಗೇ ಕಾಣುತ್ತಿತ್ತು, ಅದೇ ಲೆಕ್ಕದಲ್ಲಿ ಹೇಳಿದೆ. ನನ್ನ ಮಾತು ವಾಪಸ್. ಇವತ್ತೇ ಹೇಳಿ.


ತುಮಕೂರು ಅಮ್ಮ
ಬುಧವಾರ, ಬೆಳಿಗ್ಗೆ 7:05

ಮಗಳೇ, ನನ್ನ ಮಗನೂ ನಿನ್ನ ವಯಸ್ಸಿನವನು. ಈ ನೊಣ, ಕ್ರೋಮೋಸೋಮ್ ಏನೂ ನನಗೆ ಗೊತ್ತಿಲ್ಲ. ನೀನು ಎರಡು ಸಲ ಅವರ ಟೇಬಲ್ ಹತ್ತಿರ ಹೋಗಿ ವಾಪಸ್ ಬಂದೆ ಅಂತ ಬರೆದಿದ್ದೀಯಲ್ಲ, ಅದು ಓದಿ ಹೊಟ್ಟೆ ಚುರ್ ಅಂದಿತು. ಇವತ್ತು ತಿಂಡಿ ತಿಂದು ಹೋಗು. ಖಾಲಿ ಹೊಟ್ಟೆಯಲ್ಲಿ ಇಂಥ ಮಾತು ಆಡಬಾರದು.


ಮೈಸೂರು ಮೇಷ್ಟ್ರು
ಬುಧವಾರ, ಬೆಳಿಗ್ಗೆ 8:10

ನಾನು ಜುವಾಲಜಿ ಪಾಠ ಮಾಡಿ ನಿವೃತ್ತನಾದವನು. ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಓದುವಾಗ ನನ್ನ ಬೆರಳಿಗೂ ಇದೇ ನೊಣದ ವಾಸನೆ ಹತ್ತಿತ್ತು. ನಮ್ಮ ಕಾಲದ ಊಟ ಈಗಲೂ ಬಾಯಿಪಾಠ ಇದೆ: 1 ಲೀಟರ್ ನೀರು, 100 ಗ್ರಾಂ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್. ಬೆಂದು ಸ್ವಲ್ಪ ಆರಿದ ಮೇಲೆ ಬೂಷ್ಟು ಬಾರದಂತೆ ಏಳೂವರೆ ಮಿಲಿ ಪ್ರೊಪಿಯಾನಿಕ್ ಆಸಿಡ್. ಬೆಲ್ಲ ಕರಗಿ ರವೆ ಬೇಯುವಾಗ ಇಡೀ ಕಾರಿಡಾರ್‌ನಲ್ಲಿ ಹಬ್ಬದ ಅಡಿಗೆ ಘಮ. ಆಸಿಡ್ ಹಾಕಿದ ಮೇಲೆ ಮೂಗು ಮುಚ್ಚಿಕೊಳ್ಳಬೇಕು.

ಈ ನೊಣಕ್ಕೂ ನಮ್ಮ ನಾಡಿಗೂ ಹಳೆಯ ನಂಟು. ಮೈಸೂರು ವಿಶ್ವವಿದ್ಯಾಲಯದಲ್ಲಿ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಇದೆ, ಬೇರೆ ಕಡೆಯವರೂ ಅಲ್ಲಿಂದ ನೊಣ ತರಿಸಿಕೊಳ್ಳುತ್ತಾರೆ. ನಾಸುಟಾ ಅನ್ನುವ ನೊಣಕ್ಕೆ 8 ಕ್ರೋಮೋಸೋಮ್, ಅದರ ಹತ್ತಿರದ ಸಂಬಂಧಿ ಆಲ್ಬೊಮಿಕಾನ್ಸ್‌ಗೆ 6. ಇವೆರಡನ್ನೂ ಕ್ರಾಸ್ ಮಾಡಿ, ಮರಿಗಳನ್ನು ಪೀಳಿಗೆ ಪೀಳಿಗೆ ಸಾಕಿದಾಗ ಎರಡಕ್ಕೂ ಸೇರದ ಹೊಸ ಕ್ರೋಮೋಸೋಮ್ ಜೋಡಣೆಯ ತಳಿಗಳು ಮೈಸೂರಿನ ಲ್ಯಾಬ್‌ನಲ್ಲೇ ಮೂಡಿದವು. ಸೈಟೋರೇಸ್ ಅಂತ ಹೆಸರಿಟ್ಟರು. ಯೋಚಿಸಿ ನೋಡಮ್ಮ, ಅಷ್ಟು ಪೀಳಿಗೆಗಳಲ್ಲಿ ಒಂದೇ ಒಂದು ದಿನ ಯಾರಾದರೂ ಬಾಟಲಿ ಅದಲು ಬದಲು ಮಾಡಿ ಹೇಳದೆ ಇದ್ದಿದ್ದರೆ ಆ ಕೆಲಸ ಉಳಿಯುತ್ತಿತ್ತಾ?

ಇನ್ನೊಂದು ಮಾತು. ನೀನು ಬಾಟಲಿಗೆ ಊಟ ಸುರಿದೆ, ಬಿರಡೆ ಸುತ್ತಿದೆ ಅಂತ ಬರೆದಿದ್ದೀಯ. ಅದನ್ನು ಕಡಿಮೆ ಅಂದುಕೊಳ್ಳಬೇಡ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ತಳಿವಿಜ್ಞಾನಿ ಮಾರ್ಗನ್ ಅವರ ನೊಣದ ಕೋಣೆಗೆ ಕ್ಯಾಲ್ವಿನ್ ಬ್ರಿಡ್ಜಸ್ ಬಂದದ್ದು ಬಾಟಲಿ ತೊಳೆಯುವ ಕೆಲಸಕ್ಕೆ. ಆಗ ಇನ್ನೂ ಡಿಗ್ರಿ ಓದುತ್ತಿದ್ದ ಹುಡುಗ. ದಪ್ಪ ಗಾಜಿನ ಆಚೆಯಿಂದಲೇ ಒಂದು ನೊಣದ ಕಣ್ಣಿನ ಕೆಂಪು ಬೇರೆ ತರಹ ಇದೆ ಅಂತ ಕಂಡುಹಿಡಿದ. ಅದೇ ಕೋಣೆಯ ಇನ್ನೊಬ್ಬ ಡಿಗ್ರಿ ಹುಡುಗ ಸ್ಟರ್ಟೆವಂಟ್. 1911ರಲ್ಲಿ ಒಂದು ರಾತ್ರಿ ಕಾಲೇಜಿನ ಹೋಂವರ್ಕ್ ಪಕ್ಕಕ್ಕಿಟ್ಟು, ಕ್ರಾಸ್‌ಗಳ ಲೆಕ್ಕವನ್ನೆಲ್ಲ ಮನೆಗೆ ಒಯ್ದು, ಯಾವ ಜೀನ್ ಯಾವುದರ ಪಕ್ಕ ಇದೆ ಅಂತ ನಕ್ಷೆ ಬರೆದ. ಜಗತ್ತಿನ ಮೊದಲ ಕ್ರೋಮೋಸೋಮ್ ನಕ್ಷೆ ಅದು, 1913ರಲ್ಲಿ ಅಚ್ಚಾಯಿತು. 1933ರಲ್ಲಿ ಮಾರ್ಗನ್‌ಗೆ ನೊಬೆಲ್ ಬಂದಾಗ ಅವರು ಆ ಹಣವನ್ನು ತಮ್ಮ ಮಕ್ಕಳ ಜೊತೆಗೆ ಈ ಇಬ್ಬರ ಮಕ್ಕಳಿಗೂ ಹಂಚಿದರು.

ಆ ನಕ್ಷೆ ಬಂದದ್ದು ಎಣಿಕೆಯಿಂದ. ಎಣಿಸಿದವರು ಎಣಿಸಿದ್ದನ್ನೇ ಬರೆದಿದ್ದರಿಂದ. ಹೋಗಿ ಹೇಳಮ್ಮ.


ಲ್ಯಾಬ್ ನಡೆಸುವವಳು
ಬುಧವಾರ, ಬೆಳಿಗ್ಗೆ 8:45

ನಾನು ಒಂದು ಲ್ಯಾಬ್ ನಡೆಸುತ್ತೇನೆ (ನೊಣದ್ದಲ್ಲ, ಗಿಡದ್ದು). ಪ್ರತಿ ವರ್ಷ ಬೇಸಿಗೆಗೆ ಇಬ್ಬರು ಮೂವರು ವಿದ್ಯಾರ್ಥಿಗಳು ಬರುತ್ತಾರೆ. ಅವರಿಂದ 8 ವಾರದಲ್ಲಿ ದೊಡ್ಡ ಫಲಿತಾಂಶ ಬರುತ್ತದೆ ಅಂತ ಯಾವ ಗೈಡೂ ಕಾಯುವುದಿಲ್ಲ, ನಿಜ ಹೇಳುತ್ತೇನೆ. ನಾನು ನೋಡುವುದು ಒಂದೇ: ಈ ಹುಡುಗ ಅಥವಾ ಹುಡುಗಿ 46 ಅಂತ ಬರೆದರೆ ಅದು 46 ಹೌದಾ? ಅಷ್ಟು ನಂಬಿಕೆ ಬಂದರೆ ಮುಂದಿನ ವರ್ಷ ನಾನೇ ಕರೆಯುತ್ತೇನೆ.

ಗೈಡ್‌ಗಳೂ ಒಂದು ಒಪ್ಪಿಕೊಳ್ಳಬೇಕು. ಮೂರನೇ ವಾರದ ವಿದ್ಯಾರ್ಥಿಯೊಬ್ಬಳನ್ನೇ ಶನಿವಾರ ರಾತ್ರಿ ಬಿಟ್ಟು, ಗೋಡೆಯ ಮೇಲೆ ಒಂದು ಚೆಕ್‌ಲಿಸ್ಟ್ ಕೂಡ ಇಡದಿದ್ದರೆ ತಪ್ಪು ಅವಳೊಬ್ಬಳದ್ದೇ ಅಲ್ಲ. ಇದನ್ನು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಹೇಳುವಾಗ ಅಳಬೇಡ, ಹತ್ತು ಸಲ ಸಾರಿ ಅನ್ನಬೇಡ. ಎಷ್ಟು ಗಂಟೆಗೆ ಖಾಲಿ ಮಾಡಿದೆ, ಎಷ್ಟು ಡಿಗ್ರಿಯಲ್ಲಿ ಇತ್ತು, ಎಷ್ಟು ಗಂಟೆಗೆ ತೆಗೆದೆ, ಎಷ್ಟು ನೊಣ, ಎಲ್ಲಿ ಸೇರಿಸಿದೆ, ಉಳಿದ 6 ಎಲ್ಲಿವೆ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗು. ಕೇಳುವವರಿಗೆ ಆಗ ಬೇಕಾಗಿರುವುದು ಅದೇ.


ನೊಣದ ಹುಡುಗಿ
ಬುಧವಾರ, ರಾತ್ರಿ 9:30

ಹೇಳಿದೆ.

ತಿಂಡಿ ತಿಂದೇ ಹೋದೆ ಅಮ್ಮ. ಮೇಡಂ ಹೇಳಿದ ಹಾಗೆ ಚೀಟಿ ಬರೆದುಕೊಂಡಿದ್ದೆ. ಅಕ್ಕ ಬಂಗಾಳದವರು, ನನ್ನ ಇಂಗ್ಲಿಷ್ ಅರ್ಧಕ್ಕೆ ನಿಂತುಬಿಡುತ್ತದೆ, ಅದಕ್ಕೇ ಮೊದಲ ಎರಡು ಸಲ ವಾಪಸ್ ಬಂದಿದ್ದು ಅಂತ ಈಗ ಅನಿಸುತ್ತದೆ. ಚೀಟಿಯನ್ನೇ ಅವರ ಕೈಗೆ ಕೊಟ್ಟೆ. ಅವರು ಓದಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಸ್ವಲ್ಪ ಹೊತ್ತು ತುಂಬ ಕಷ್ಟ ಆಯಿತು.

ಆಮೇಲೆ ಕೇಳಿದ ಮೊದಲ ಪ್ರಶ್ನೆ, ಉಳಿದ 6 ಎಲ್ಲಿವೆ ಅಂತ. ಅದೇ ಪ್ರಶ್ನೆ! ಇಬ್ಬರೂ ಹೋಗಿ ವಯಲ್ ನೋಡಿದೆವು. ಬೆಳಕಿಗೆ ಹಿಡಿದರೆ ಊಟದ ಮೇಲೆ ಬಿಳಿ ಬಿಳಿ ಮೊಟ್ಟೆ ಇದ್ದವು. ವರ್ಜಿನ್ ಕೂಡ ಮೊಟ್ಟೆ ಇಡುತ್ತದೆ, ಆದರೆ ಮರಿ ಆಗುವುದಿಲ್ಲ ಅಂತ ಅಕ್ಕ ಹೇಳಿಕೊಟ್ಟರು. ನಾಳೆ ನೋಡೋಣ ಅಂದರು. ಹೊರಡುವಾಗ ಇಂಗ್ಲಿಷ್‌ನಲ್ಲಿ ಒಂದು ಮಾತು ಹೇಳಿದರು: ಸೋಮವಾರ ನಾನು ಹಾಕುವ ಮುಂಚೆ ಹೇಳಿದ್ದರೆ ಇನ್ನೂ ಚೆನ್ನಾಗಿತ್ತು. ಬೈಗುಳ ಅಲ್ಲ. ಆದರೆ ಮನಸ್ಸಿನಲ್ಲಿ ಉಳಿಯಿತು.


ಟರ್ಮಿನಲ್ ತಮ್ಮ
ಬುಧವಾರ, ರಾತ್ರಿ 10:10

ಅಕ್ಕಾ, ಒಳ್ಳೆಯದಾಯಿತು. ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನೂ ಈ ಬೇಸಿಗೆ ಒಂದು ಫಿಸಿಕ್ಸ್ ಗುಂಪಿನಲ್ಲಿದ್ದೇನೆ. ನನಗೆ ತಪ್ಪು ಮಾಡಲೂ ಕೆಲಸ ಕೊಟ್ಟಿಲ್ಲ. ಎರಡು ವಾರ ಆಯಿತು. ಗೈಡ್ ಊರಲ್ಲಿಲ್ಲ, 3 ಪೇಪರ್ ಓದು ಅಂದಿದ್ದಾರೆ. ಮೊದಲ ಪುಟ ದಾಟಲು ಆಗುತ್ತಿಲ್ಲ. ನಾನು ಇಲ್ಲಿಗೆ ಬರಬಾರದಿತ್ತು ಅನಿಸುತ್ತಿದೆ.


ದೂರದೂರಿಂದ
ಗುರುವಾರ, ರಾತ್ರಿ 1:15

ಟರ್ಮಿನಲ್ ತಮ್ಮ, ನಾನು ಜರ್ಮನಿಯಲ್ಲಿ ಪೋಸ್ಟ್‌ಡಾಕ್. ಊರು ಶಿರಸಿ ಹತ್ತಿರ. ಪೇಪರನ್ನು ಕಾದಂಬರಿ ಓದುವ ಹಾಗೆ ಮೊದಲಿಂದ ಕೊನೆಗೆ ಓದಬೇಡ, ಯಾರೂ ಹಾಗೆ ಓದುವುದಿಲ್ಲ. ಮೊದಲು ಚಿತ್ರಗಳನ್ನು ನೋಡು. ಅಡ್ಡ ಗೆರೆಯಲ್ಲಿ ಏನಿದೆ, ಉದ್ದ ಗೆರೆಯಲ್ಲಿ ಏನಿದೆ. ಪ್ರತಿ ಚಿತ್ರದ ಕೆಳಗೆ ಒಂದೇ ಸಾಲು ಕನ್ನಡದಲ್ಲಿ ಬರೆ: ಇವರು ಇದನ್ನು ಅಳೆದರು, ಇಷ್ಟು ಬಂತು. ಬರೆಯಲು ಆಗದ ಚಿತ್ರ ಯಾವುದೋ ಅದೇ ನಿನ್ನ ಪ್ರಶ್ನೆ. ಅದನ್ನು ಹಿಡಿದುಕೊಂಡು ಗೈಡ್ ಬರುವವರೆಗೆ ಕಾಯದೆ ಪಕ್ಕದ ಮೇಜಿನ ಪಿಎಚ್‌ಡಿಯವರ ಹತ್ತಿರ ಹೋಗು. ಅವರ ಕೋಡ್ ಓಡಿಸಿ ಒಂದು ಚಿತ್ರ ಮತ್ತೆ ಬರಿಸಲು ಪ್ರಯತ್ನಿಸುತ್ತೇನೆ ಅಂತ ಕೇಳು. ಬೇಡ ಅನ್ನುವವರು ಕಡಿಮೆ.

ಭಾಷೆ ವಿಷಯ ಇಬ್ಬರಿಗೂ. ನಾನು ಪಿಯುಸಿವರೆಗೆ ಕನ್ನಡ ಮಾಧ್ಯಮ. ಮೊದಲ ಲ್ಯಾಬ್ ಮೀಟಿಂಗ್‌ನಲ್ಲಿ ಅರ್ಥವಾಗದ ಮಾತನ್ನೆಲ್ಲ ಕಿವಿಗೆ ಬಿದ್ದ ಹಾಗೆ ಕನ್ನಡ ಅಕ್ಷರದಲ್ಲೇ ಗೀಚಿಕೊಳ್ಳುತ್ತಿದ್ದೆ. ಆಮೇಲೆ ಊಟಕ್ಕೆ ಹೋಗುವಾಗ ಯಾರನ್ನಾದರೂ ಕೇಳುತ್ತಿದ್ದೆ. ಎರಡನೇ ತಿಂಗಳಿಗೆ ಪಟ್ಟಿ ಅರ್ಧ ಆಯಿತು. ನೊಣದ ಹುಡುಗಿ ಚೀಟಿ ಕೊಟ್ಟಳಲ್ಲ, ಅದು ತುಂಬ ಒಳ್ಳೆಯ ದಾರಿ. ನಾಲಿಗೆ ತೊದಲಿದರೂ ಕಾಗದ ತೊದಲುವುದಿಲ್ಲ.


ನೊಣದ ಹುಡುಗಿ
ಗುರುವಾರ, ಸಂಜೆ 7:00

ಮರಿಹುಳ ಬಂದಿವೆ.

ಬೆಳಿಗ್ಗೆ ವಯಲ್ ತೆಗೆದಾಗಲೇ ಗೊತ್ತಾಯಿತು. ಊಟದ ಮೇಲ್ಭಾಗ ನಿನ್ನೆ ನುಣ್ಣಗಿತ್ತು. ಇವತ್ತು ಒಂದು ಮೂಲೆಯಲ್ಲಿ ಯಾರೋ ಸೂಜಿಯಲ್ಲಿ ಕೆದಕಿದ ಹಾಗೆ ಒರಟಾಗಿತ್ತು. ಮೈಕ್ರೊಸ್ಕೋಪ್ ಕೆಳಗೆ ಹಿಡಿದರೆ ಕೂದಲಿನಷ್ಟು ತೆಳ್ಳಗಿನ ಹುಳಗಳು, ಗಾಜಿನಂತೆ ಪಾರದರ್ಶಕ, ಬಾಯಿಯ ಹತ್ತಿರ ಎರಡು ಕಪ್ಪು ಕೊಕ್ಕೆ. ತಿನ್ನುತ್ತಾ ಮುಂದೆ ಹೋಗುತ್ತಿದ್ದವು. ಎಷ್ಟು ಚೆಂದ ಇದ್ದವು ಅಂದರೆ, ನೋಡುತ್ತಾ ಅಳು ಬಂತು.

ಅಕ್ಕ ನೋಡಿ ತಲೆಯಾಡಿಸಿದರು. 4 ವಯಲ್‌ಗಳಲ್ಲಿ 3 ತೆಗೆದು ಫ್ರೀಜರ್‌ಗೆ ಹಾಕಿದರು. ಒಂದನ್ನು ಮಾತ್ರ ಇಟ್ಟುಕೊಂಡು ನನ್ನ ಹೆಸರು ಬರೆದು ಕೊಟ್ಟರು. ಇದು ಪ್ರಯೋಗಕ್ಕಲ್ಲ, ನಿನಗೆ, ಮರಿ ನೊಣ ಆದಾಗ ಎಣಿಸು ಅಂದರು. ಯಾಕೆ ಅಂತ ಹೇಳಲಿಲ್ಲ.

ಇವತ್ತು ಸಂಜೆ ಇಬ್ಬರೂ ಸೇರಿ ಬಾಟಲಿ ಖಾಲಿ ಮಾಡಿದೆವು. ಮಾರ್ಕರ್ ಬರಹ ಸ್ಪಿರಿಟ್ ತಾಗಿದರೆ ಅಳಿಸಿಹೋಗುತ್ತದೆ, ಟೇಪ್ ಅಂಟಿಸಿ ಪೆನ್ಸಿಲ್‌ನಲ್ಲಿ ಬರೆ ಅಂದರು. ಈಗ ಪ್ರತಿ ಬಾಟಲಿಗೂ ದಿನ, ಗಂಟೆ, ಡಿಗ್ರಿ.


ವಿಂಗ್ ಕೌಂಟ್
ಗುರುವಾರ, ರಾತ್ರಿ 8:30

ನಿನ್ನ ಅಕ್ಕ ಯಾಕೆ ಒಂದು ವಯಲ್ ಇಟ್ಟರು ಅಂತ ನನಗೆ ಗೊತ್ತು, ಆದರೆ ನಾನೂ ಹೇಳುವುದಿಲ್ಲ. ಎಣಿಸು. ಎಣಿಸಿ ಇಲ್ಲಿ ಬರೆ.

ಮುಂದಕ್ಕೆ ಒಂದು ಅಭ್ಯಾಸ ಇಟ್ಟುಕೋ. ಕಲೆಕ್ಟ್ ಮಾಡಿದ ಹೆಣ್ಣುಗಳನ್ನು ತಕ್ಷಣ ಕ್ರಾಸ್‌ಗೆ ಹಾಕದೆ 3–4 ದಿನ ಬರೀ ಊಟದ ವಯಲ್‌ನಲ್ಲಿಡು. ಬೇರೆ ಬೇರೆ ದಿನದವನ್ನು ಒಂದೇ ವಯಲ್‌ಗೆ ಸುರಿಯಬೇಡ. ಒಂದರಲ್ಲಿ ಹುಳ ಕಂಡರೆ ಅದೊಂದನ್ನೇ ಎಸೆದರೆ ಆಯಿತು. ಮತ್ತೆ ಬಿಳಿಚಿಕೊಂಡ ಮೈ, ಹೊಟ್ಟೆಯಲ್ಲಿ ಕಪ್ಪು ಚುಕ್ಕೆ ಇರುವುದು ಆಗಷ್ಟೇ ಹುಟ್ಟಿದ್ದು. ಅದನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು. ಚುಕ್ಕೆ ಇಲ್ಲದ್ದಕ್ಕೆ ಗಡಿಯಾರ ನೋಡಬೇಕು: 25 ಡಿಗ್ರಿಯಲ್ಲಿ 8 ಗಂಟೆ, 18 ಡಿಗ್ರಿಯಲ್ಲಿ ಹೆಚ್ಚೂಕಡಿಮೆ ಅದರ ಎರಡರಷ್ಟು.


ಮೈಸೂರು ಮೇಷ್ಟ್ರು
ಶುಕ್ರವಾರ, ಬೆಳಿಗ್ಗೆ 7:40

ಹುಳಗಳು ಚೆಂದ ಇದ್ದವು ಅಂತ ಬರೆದೆಯಲ್ಲ, ಅದೊಂದು ಸಾಲಿಗೆ ನಿನ್ನ ಮೇಡಂಗೆ ಫೋನ್ ಮಾಡಿ ಹೇಳು, ಖುಷಿಪಡುತ್ತಾರೆ.

ಬೆಂಗಳೂರಿನಲ್ಲಿದ್ದೀಯ ಅಂತ ನೆನಪಿಸುತ್ತೇನೆ. ಒಬೈದ್ ಸಿದ್ದಿಕಿ ಅನ್ನುವವರು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಇದೇ ನೊಣ ಇಟ್ಟುಕೊಂಡು ವಾಸನೆ, ರುಚಿ ಮಿದುಳಿಗೆ ಹೇಗೆ ಗೊತ್ತಾಗುತ್ತದೆ ಅಂತ ಹುಡುಕಿದವರು. ಬೆಂಗಳೂರಿನ ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರ ಕಟ್ಟಿದವರೂ ಅವರೇ. ವೆರೋನಿಕಾ ರಾಡ್ರಿಗಸ್ ಅನ್ನುವವರು ಸಿದ್ದಿಕಿಯವರ ಹತ್ತಿರ ಪಿಎಚ್‌ಡಿಗೆ ಸೇರಿ, ವಾಸನೆ ಗೊತ್ತಾಗದ ನೊಣಗಳನ್ನು ಹುಡುಕಿ, ಮುಂದೆ ದೊಡ್ಡ ವಿಜ್ಞಾನಿಯಾದರು. ಎಲ್ಲರೂ ಒಂದಲ್ಲ ಒಂದು ದಿನ ಪ್ಯಾಡ್ ಮೇಲೆ ಬ್ರಷ್ ಹಿಡಿದು ಗಂಡು ಹೆಣ್ಣು ಬೇರೆ ಮಾಡಿದವರೇ.


ಟರ್ಮಿನಲ್ ತಮ್ಮ
ಸೋಮವಾರ, ರಾತ್ರಿ 9:20

ದೂರದೂರಿನ ಅಣ್ಣ, ಹೇಳಿದ ಹಾಗೆ ಮಾಡಿದೆ. ಎರಡನೇ ಪೇಪರಿನ 4ನೇ ಚಿತ್ರದ ಕೆಳಗೆ ಕನ್ನಡದಲ್ಲಿ ಬರೆಯಲು ಆಗಲಿಲ್ಲ. ಪಕ್ಕದ ಅಣ್ಣನನ್ನು ಕೇಳಿದೆ. ಅವರು ಅರ್ಧ ಗಂಟೆ ಬೋರ್ಡ್ ಮೇಲೆ ಬರೆದು, ಕೊನೆಗೆ, ಈ ಚಿತ್ರ ನನಗೂ ಪೂರ್ತಿ ಅರ್ಥವಾಗಿಲ್ಲ ಮಾರಾಯ ಅಂದರು! ಈಗ ಇಬ್ಬರೂ ಅದರ ಡೇಟಾ ಹಾಕಿ ನೋಡುತ್ತಿದ್ದೇವೆ. ರಾತ್ರಿ ಲ್ಯಾಬ್ ಬಿಡಲು ಮನಸ್ಸಾಗುವುದಿಲ್ಲ.


ತುಮಕೂರು ಅಮ್ಮ
ಸೋಮವಾರ, ರಾತ್ರಿ 9:50

ಮನಸ್ಸಾಗದಿದ್ದರೂ ಹೊತ್ತಿಗೆ ಊಟ ಮಾಡಿ ಮಕ್ಕಳೇ. ಆ ಹುಡುಗಿಯ ಅವಸರಕ್ಕೆ ಕಾರಣ ಪಿಜಿ ಊಟ ಅಲ್ವಾ. ಅದನ್ನು ಯಾರೂ ಮಾತಾಡಲಿಲ್ಲ. ಪಿಜಿಯ ಆಂಟಿಗೆ ಹೇಳಿದರೆ ಒಂದು ತಟ್ಟೆ ಮುಚ್ಚಿಡುತ್ತಾರೆ, ಕೇಳಬೇಕು ಅಷ್ಟೆ.


ಲ್ಯಾಬ್ ನಡೆಸುವವಳು
ಸೋಮವಾರ, ರಾತ್ರಿ 10:30

ಅಮ್ಮ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ನಾವು ಡಿಗ್ರಿ, ಗಂಟೆ ಎಲ್ಲ ಕೇಳಿದೆವು, ಊಟದ ಹೊತ್ತು ಕೇಳಲಿಲ್ಲ. ನಾಳೆ ನನ್ನ ಲ್ಯಾಬ್‌ನ ಇಬ್ಬರು ವಿದ್ಯಾರ್ಥಿಗಳನ್ನು ಇದನ್ನು ಕೇಳುತ್ತೇನೆ.


ನೊಣದ ಹುಡುಗಿ
ಎರಡು ವಾರದ ನಂತರ, ಶುಕ್ರವಾರ, ರಾತ್ರಿ 8:10

ತಡವಾಗಿ ಬರೆಯುತ್ತಿದ್ದೇನೆ. ಆರನೇ ವಾರ ಆಗುತ್ತಾ ಬಂತು.

ನನ್ನ ಹೆಸರಿನ ವಯಲ್‌ನಲ್ಲಿ ನೊಣಗಳು ಹುಟ್ಟಿದವು. ಎಣಿಸಿದೆ. ಕರ್ಲಿ 38, ನೇರ ರೆಕ್ಕೆ 57. ಅರ್ಧಕ್ಕರ್ಧ ಬರಬೇಕಿತ್ತು. ಅಕ್ಕನಿಗೆ ತೋರಿಸಿದೆ. ಅವರು ಒಂದು ಕಾಗದದ ಮೇಲೆ ಆ ಎರಡು ಸಂಖ್ಯೆ ಬರೆದು, ನೀನು ಏನೂ ಹೇಳದಿದ್ದರೆ ಇದನ್ನು ನೋಡಿ ನಾನು ಏನು ಅಂದುಕೊಳ್ಳುತ್ತಿದ್ದೆ ಹೇಳು ಅಂದರು. ನನಗೆ ಗೊತ್ತಾಗಲಿಲ್ಲ. ಕರ್ಲಿ ನೊಣಗಳು ಸ್ವಲ್ಪ ಬಲಹೀನ, ಒಂದಿಷ್ಟು ಕಡಿಮೆ ಹುಟ್ಟುವುದು ಮಾಮೂಲಿ, ಅದೇ ಇರಬೇಕು ಅಂತ ಬಿಟ್ಟುಬಿಡುತ್ತಿದ್ದೆ ಅಂದರು. ಆ ಕಾಗದವನ್ನು ನನ್ನ ನೋಟ್‌ಬುಕ್‌ನಲ್ಲಿ, ಆ ಭಾನುವಾರದ ಪುಟದಲ್ಲೇ ಅಂಟಿಸಿದ್ದೇನೆ. ಆ ಪುಟದಲ್ಲಿ ನಾನು ಮೊದಲು ಬರೆದಿದ್ದು ಒಂದೇ ಸಾಲು: 11 ವರ್ಜಿನ್. ಅಕ್ಕ ಅದನ್ನು ಅಳಿಸಲು ಬಿಡಲಿಲ್ಲ. ಒಂದು ಗೆರೆ ಎಳೆದು, ಪಕ್ಕದಲ್ಲಿ ನಡೆದದ್ದು ಬರೆದು, ದಿನಾಂಕ ಹಾಕಿಸಿದರು.

ಹೊಸ ಕ್ರಾಸ್‌ನಲ್ಲಿ ಮೊದಲ ದಿನದ ಎಣಿಕೆ ಕರ್ಲಿ 49, ನೇರ 53. ಇದನ್ನು ನೋಡಿದಾಗ ಇಬ್ಬರೂ ಏನೂ ಮಾತಾಡಲಿಲ್ಲ, ಅಕ್ಕ ಟೀ ಕುಡಿಯಲು ಕರೆದುಕೊಂಡು ಹೋದರು.

ಕಳೆದ ವಾರದ ಲ್ಯಾಬ್ ಮೀಟಿಂಗ್‌ನಲ್ಲಿ ಸರ್ ನನ್ನನ್ನೂ 5 ನಿಮಿಷ ಮಾತಾಡು ಅಂದರು. ಎರಡು ವಯಲ್‌ಗಳ ಸಂಖ್ಯೆ ಬೋರ್ಡ್ ಮೇಲೆ ಬರೆದು, ಯಾಕೆ ಬೇರೆ ಬೇರೆ ಬಂತು ಅಂತ ಹೇಳಿದೆ. ಎರಡು ಕಡೆ ಇಂಗ್ಲಿಷ್ ನಿಂತುಹೋಯಿತು, ರೆಕ್ಕೆಯ ಚಿತ್ರ ಬರೆದು ತೋರಿಸಿದೆ. ಎಲ್ಲರಿಗೂ ಅರ್ಥವಾಯಿತು. ಈಗ ಇನ್‌ಕ್ಯುಬೇಟರ್ ಬಾಗಿಲಿನ ಮೇಲೆ ಒಂದು ಹಾಳೆ ಅಂಟಿಸಿದ್ದಾರೆ. ರಾತ್ರಿ ಕೊನೆಗೆ ಹೋಗುವವರು ಯಾವ ಬಾಟಲಿ ಎಲ್ಲಿದೆ ಅಂತ ಬರೆದು ಸಹಿ ಹಾಕಬೇಕು. ಕೆಳಗೆ ಕನ್ನಡದಲ್ಲೂ ಬರೆ ಅಂತ ಫುಡ್ ರೂಮಿನ ಅಕ್ಕ ಹೇಳಿದರು, ನಾನೇ ಬರೆದೆ.

ನಾಳೆ ಶನಿವಾರ, ಮತ್ತೆ ನನ್ನ ಸರದಿ. ಸಂಜೆ ಬಾಟಲಿ ಖಾಲಿ ಮಾಡಬೇಕು. ಪಿಜಿ ಆಂಟಿಗೆ ಹೇಳಿದ್ದೇನೆ ಅಮ್ಮ, ತಟ್ಟೆ ಮುಚ್ಚಿಡುತ್ತಾರಂತೆ.